ಒಣ ಸುರಗಿಯ ಮಂಟಪ

ಅವರ ಬಲಗೈ ಹೆಬ್ಬೆರಳಿನಿಂದ ಚೆಂಡುಹೂವಿನ ಹಳದಿ ಯಾವತ್ತೂ ಹೋಗುತ್ತಿರಲಿಲ್ಲ. ಆ ಬೆರಳಿನಿಂದಲೇ ಮಂಟಪದ ಕಾಕಾ ನನ್ನ ಕಂಪ್ಯೂಟರ್ ಪರದೆಯನ್ನು ಒತ್ತಿ ಒತ್ತಿ ತೋರಿಸುವರು. ‘ಕಾಕಾ, ಮುಟ್ಟಬೇಡಿ’ ಎಂದರೆ, ‘ಹೂವು ಮುಟ್ಟದ ಹೆಂಗ ನೋಡ್ಲಿ ತಂಗೀ?’ ಎನ್ನುವರು. ಅವರು ಹೋದ ಮೇಲೆ ಪರದೆ ಒರೆಸುವುದೇ ನನಗೊಂದು ಕೆಲಸ.

ದಾಸನಕೊಪ್ಪದವರು. ಸುತ್ತಲಿನ ಮದುವೆಗಳಿಗೆ ಹೂವಿನ ಮಂಟಪ ಕಟ್ಟುತ್ತಿದ್ದರು. ಶಿರಸಿಯಲ್ಲಿ ನಾನು ತ್ರೀಡಿ ಚಿತ್ರ ಮಾಡಿಕೊಡುವುದಾಗಿ ಬೋರ್ಡು ಹಾಕಿದಾಗ ಜನ ಅದನ್ನು ಓದಿ ಮುಂದೆ ಹೋಗುತ್ತಿದ್ದರು. ಮೊದಲು ಒಳಗೆ ಬಂದವರು ಇವರೇ. ಕಟ್ಟುವ ಮೊದಲೇ ಮಂಟಪ ಹೇಗಿರುತ್ತದೆಂದು ಮದುವೆ ಮನೆಯವರಿಗೆ ತೋರಿಸಬೇಕಿತ್ತು. ‘ಚಿತ್ರದಾಗ ತೋರ್ಸಿದ್ದು ಮಂಟಪದಾಗ ಇರಬೇಕು. ಇಲ್ಲಂದ್ರ ಅದು ಮೋಸ’ ಎನ್ನುವುದು ಅವರ ಕಟ್ಟುನಿಟ್ಟು.

ಅಂಥವರೇ ಒಮ್ಮೆ ಜಾರಿದರು. ನಾನು ಹೊಸದಾಗಿ ಸುರಗಿ ಹೂವಿನ ಮಾದರಿ ಮಾಡಿದ್ದೆ: ಬಿಳಿ ಎಸಳು, ನಡುವೆ ಹಳದಿ ಕೇಸರ. ಕಂಪ್ಯೂಟರಿನಲ್ಲಿ ಒಂದು ಮಾಡಿದರೆ ಎಷ್ಟು ಬೇಕಾದರೂ ಅಂಟಿಸಬಹುದು. ಕಾಕಾನ ಹುರುಪು ಹೇಳತೀರದು. ‘ಇನ್ನಷ್ಟು ಹಾಕು, ಕಂಬಕ್ಕೂ ಸುತ್ತು!’ ಪುಕ್ಕಟೆ ಹೂವಲ್ಲವೇ! ಸಿದ್ದಾಪುರದ ಮದುವೆ ಹುಡುಗಿ ಚಿತ್ರ ನೋಡಿದ್ದೇ, ‘ನಂಗೆ ಇದೇ ಬೇಕು’ ಎಂದಳು. ಅವಳು ಹೋದ ಮೇಲೆ ಕಾಕಾ ಕ್ಯಾಲೆಂಡರ್ ನೋಡಿ ಹಣೆ ಬಡಿದುಕೊಂಡರು. ಮದುವೆ ಮೇ ಕೊನೆಗೆ. ಅಷ್ಟರಲ್ಲಿ ಸುರಗಿಯ ಕಾಲವೇ ಮುಗಿದಿರುತ್ತದೆ.

‘ಚಿತ್ರದಲ್ಲಿ ಬೇರೆ ಹೂವು ಹಾಕಿ ಕಳಿಸೋಣ’ ಎಂದೆ.

‘ಬ್ಯಾಡ. ಆ ಹುಡುಗಿ ಮಾರಿ ಎಷ್ಟು ಅರಳಿತ್ತು, ನೋಡಿದ್ಯಿಲ್ಲ?’

ಸುರಗಿ ಒಣಗಿದರೂ ಅದರ ಪರಿಮಳ ಹೋಗುವುದಿಲ್ಲ. ನಮ್ಮ ಕಡೆ ಹೆಂಗಸರು ಅದರ ಸರವನ್ನು ಸೀರೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕಾಕಾ ಸ್ಕೂಟರ್ ಹತ್ತಿ ಸಿದ್ದಾಪುರ, ಯಲ್ಲಾಪುರದ ಕಡೆಯೆಲ್ಲ ಅಲೆದು, ಮನೆಮನೆಯಲ್ಲಿ ಆ ಸರಗಳನ್ನು ಬೇಡಿ ತಂದರು. ಆದರೆ ಅವು ಬಿಳಿಯಲ್ಲ, ಕಂದು. ಮದುವೆಗೆ ನಾನೂ ಹೋಗಿದ್ದೆ. ಮಂಟಪದ ಪಕ್ಕ ನಿಂತಿದ್ದ ಕಾಕಾನ ಮುಖ ನೋಡಲಾಗುತ್ತಿರಲಿಲ್ಲ, ಪಾಪ. ‘ತಪ್ಪಾತು ತಾಯೀ, ಚಿತ್ರದಾಗಿನಂಥಾವು ಸಿಗಲಿಲ್ಲ’ ಎಂದರು. ಹುಡುಗಿ ಕಂಬದ ಹತ್ತಿರ ಮುಖ ತಂದಳು.

‘ಅಯ್ಯೋ, ಅಜ್ಜಿ ಪೆಟ್ಟಿಗೆ ತೆಗೆದ್ರೆ ಇದೇ ಪರಿಮಳ ಬರ್ತಿತ್ತು!’

ಅವಳ ಕಣ್ಣು ತುಂಬಿತು. ಕಾಕಾ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡರು.

ಮರುದಿನವೇ ನನ್ನ ಅಂಗಡಿಗೆ ಬಂದು, ಆ ಮಂಟಪದ ಚಿತ್ರ ತೆಗೆಸಿ ಪರದೆ ಒತ್ತಿದರು. ‘ಇವನ್ನ ಒಣಗಸು ತಂಗೀ. ನಾವು ಕಟ್ಟಿದ್ದು ಇದಲ್ಲ.’ ಮದುವೆಯೇ ಮುಗಿದ ಮೇಲೆ ಯಾರಿಗೆ ಬೇಕು ಈ ಚಿತ್ರ? ಗೊಣಗುತ್ತಲೇ ಎಸಳು ಮುದುರಿಸಿ ಕಂದು ಬಣ್ಣ ಹಚ್ಚಿದೆ.

ಹೋದ ತಿಂಗಳು ಕಾಕಾ ತೀರಿಕೊಂಡರು. ಶ್ರದ್ಧಾಂಜಲಿ ಬ್ಯಾನರ್ ಮಾಡಿಸಲು ಮಗಳು ಅವರ ಫೋಟೋ ತಂದಿದ್ದಳು. ಬ್ಯಾನರಿನ ಸಿದ್ಧ ನಮೂನೆಯಲ್ಲಿ ಫೋಟೋದ ಸುತ್ತ ಕೆಂಪು ಗುಲಾಬಿಗಳಿದ್ದವು. ಅವನ್ನೆಲ್ಲ ಅಳಿಸಿ ಆ ಒಣ ಸುರಗಿಯ ಸರ ಹಾಕಿದೆ.

‘ಬಾಡಿದ ಹೂವು ಹಾಕೀರಲ್ರೀ ಅಕ್ಕಾ?’

‘ನಿಮ್ಮಪ್ಪನೇ ಮಾಡಿಸಿದ್ದು’ ಎಂದೆ.

ಅವಳು ಬೆರಳು ಚಾಚಿ ಪರದೆಯ ಮೇಲಿನ ಸರವನ್ನು ಮೆಲ್ಲಗೆ ಸವರಿದಳು. ಮುಟ್ಟಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.