ಲೆಕ್ಕ ತಪ್ಪುತ್ತಿದ್ದ ನರ್ಸಕ್ಕ

ನಮ್ಮ ಶಾಲೆಯ ನರ್ಸಕ್ಕನ ಕೈಗಡಿಯಾರ ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿರುತ್ತಿತ್ತು. ಹರಿದ ಪಟ್ಟಿಗೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನೇ ಸುತ್ತಿದ್ದರು. ಗಡಿಯಾರಕ್ಕೂ ಪೆಟ್ಟಾಗಿದೆ ಎಂದು ನಾವು ನಗುತ್ತಿದ್ದೆವು.

ಯಲ್ಲಾಪುರದ ಆ ಶಾಲೆಯಲ್ಲಿ ಆಟದ ಸಾಮಾನಿನ ಕೋಣೆಯನ್ನೇ ಆರೋಗ್ಯ ಕೋಣೆ ಮಾಡಿದ್ದರು. ಒಂದು ಮಂಚ, ತೂಕದ ಯಂತ್ರ, ಮೂಲೆಯಲ್ಲಿ ಇನ್ನೂ ವಾಲಿಬಾಲ್ ನೆಟ್ಟು. ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನ ಅಬ್ಬಾ ಓಡಿಸುತ್ತಿದ್ದ ಲಾರಿ ಅರಬೈಲು ಘಟ್ಟದಲ್ಲಿ ಪಲ್ಟಿಯಾಯಿತು. ಕಾಲು ಮುರಿಯಿತು, ಆದರೆ ಬದುಕಿ ಮನೆ ಸೇರಿದರು. ಆಮೇಲೆ ಹೆದ್ದಾರಿಯಲ್ಲಿ ಲಾರಿ ಬ್ರೇಕ್ ಹಾಕಿದ ಸದ್ದು ಕೇಳಿದರೆ ಸಾಕು, ತರಗತಿಯಲ್ಲಿ ಕೂತ ನನಗೆ ಎದೆ ಡವಡವ ಹೊಡೆದುಕೊಂಡು ಉಸಿರೇ ಸಿಗುತ್ತಿರಲಿಲ್ಲ. ಅಬ್ಬಾ ಮನೆಯಲ್ಲಿ ಚಾ ಕುಡಿಯುತ್ತಿರುವಾಗ ನನಗೆ ಎಂಥ ಭಯ? ಇವತ್ತಿಗೂ ನನಗದು ತಿಳಿಯದು.

ಆರೋಗ್ಯ ಕೋಣೆಗೆ ಓಡಿಹೋದರೆ ನರ್ಸಕ್ಕ "ಎಂತ ಆಯ್ತೇ ತಂಗಿ?" ಎಂದು ನಾಡಿ ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಖ ಕಿವುಚಿ, "ಥೋ, ಲೆಕ್ಕ ತಪ್ಪಿಹೋಯ್ತು. ನೀನೇ ಎಣ್ಸು ಮಾರಾಯ್ತಿ," ಎಂದು ಗಡಿಯಾರ ಬಿಚ್ಚಿ ನನ್ನ ತೊಡೆಯ ಮೇಲಿಟ್ಟು, ನನ್ನ ಬೆರಳುಗಳನ್ನು ನನ್ನದೇ ನಾಡಿಯ ಮೇಲೆ ಇಡುತ್ತಿದ್ದರು. ಮೊದಲ ನಿಮಿಷಕ್ಕೆ ನೂರಿಪ್ಪತ್ತು. "ಇನ್ನೊಂದ್ಸಲ ನೋಡ್ವ." ನೂರಾ ಆರು. ಮೂರನೆಯ ಸಲಕ್ಕೆ ತೊಂಬತ್ತು. ಅಷ್ಟರಲ್ಲಿ ಉಸಿರು ತಾನಾಗಿ ಸರಿಹೋಗಿರುತ್ತಿತ್ತು. ದಿನಾ ಲೆಕ್ಕ ತಪ್ಪುವ ಇವರಿಗೆ ಕೆಲಸ ಕೊಟ್ಟವರಾರಪ್ಪ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ಒಂದು ದಿನ ನನ್ನ ಅಮ್ಮಿ ಶಾಲೆಗೆ ಬಂದರು. "ದಿನಾ ಹೀಗೇ ಆದ್ರೆ ಎಂತ ಮಾಡೋದು ಅಕ್ಕಾ? ಶಾಲೆ ಬಿಡಿಸಿ ಮನೇಲೇ ಇಟ್ಕೊಳ್ತೇನೆ."

ನನಗೆ ಶಾಲೆ ಬಿಡುವುದು ಬೇಡವಾಗಿತ್ತು. ನರ್ಸಕ್ಕ ಹತ್ತಿಯ ಉಂಡೆ ಮಾಡುತ್ತಾ ತಲೆಯೆತ್ತದೆ ಹೇಳಿದರು: "ಬಿಡಿಸ್ಬೇಡಿ. ಇವ್ಳು ಹೋದ್ರೆ ನಂಗೆ ಎಣ್ಸಿ ಕೊಡೋರು ಯಾರು?"

ಅಮ್ಮಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನನ್ನ ಶಾಲೆಯಂತೂ ಉಳಿಯಿತು.

ನಾನೇ ಶಿಕ್ಷಕಿಯಾದ ಮೇಲೆ, ಅವರು ಬೇಕೆಂದೇ ಲೆಕ್ಕ ತಪ್ಪಿಸುತ್ತಿದ್ದರು ಎಂದು ನನಗೆ ಖಾತ್ರಿಯಾಯಿತು. ಎಂಥ ಜಾಣೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕಳೆದ ವರ್ಷ ಅವರು ತೀರಿಕೊಂಡಾಗ ಇಡಗುಂದಿಯ ಮನೆಗೆ ಹೋಗಿ ಅವರ ಮಗಳಿಗೂ ಅದನ್ನೇ ಹೇಳಿದೆ.

"ಹಾಗಲ್ಲ," ಎಂದಳು ಮಗಳು. "ಆಯಿಗೆ ಆಗ್ಲೇ ಕಣ್ಣಲ್ಲಿ ಪೊರೆ ಬಂದಿತ್ತು. ಸೆಕೆಂಡಿನ ಮುಳ್ಳು ಕಾಣ್ತಿರ್ಲಿಲ್ಲ. ಕೆಲ್ಸ ಹೋಗ್ತದೆ ಅಂತ ಹೆದ್ರಿ ಯಾರಿಗೂ ಹೇಳಿರ್ಲಿಲ್ಲ."

ಹಾಗಾದರೆ ನನ್ನನ್ನು ಶಾಲೆಯಲ್ಲಿ ಉಳಿಸಿದ್ದು ಅವರ ಜಾಣತನವೋ, ಅವರದೇ ಹೆದರಿಕೆಯೋ? ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಯಾವುದಕ್ಕೆ ಅತ್ತೆನೆಂದೂ ಗೊತ್ತಾಗಲಿಲ್ಲ.

ಮೊನ್ನೆ ಪರೀಕ್ಷೆಯ ದಿನ ನನ್ನ ತರಗತಿಯ ಹುಡುಗಿಯೊಬ್ಬಳು ಉಸಿರು ಸಿಗದೆ ಬೆವೆತು ಕುಳಿತಿದ್ದಳು. ಅವಳ ನಾಡಿ ಹಿಡಿದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಮುಳ್ಳು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಗಡಿಯಾರ ಬಿಚ್ಚಿ ಅವಳ ತೊಡೆಯ ಮೇಲಿಟ್ಟೆ.

"ಥೋ, ಲೆಕ್ಕ ತಪ್ಪಿಹೋಯ್ತು. ನೀನೇ ಎಣ್ಸು ಮಾರಾಯ್ತಿ."