ಪರದೆ ಕೋಣೆಯೊಳಗಿನ ಕಾರಕೂನ

ನೊಣಗಳ ಮೇಲೆ ನನಗೆ ಹುಟ್ಟು ದ್ವೇಷವೇನೂ ಇಲ್ಲ. ಊಟದ ಹೊತ್ತಿನಲ್ಲಿ ಮಾತ್ರ ನನ್ನ ಅಹಿಂಸೆ ಸ್ವಲ್ಪ ಸಡಿಲವಾಗುತ್ತದೆ. ಮೊನ್ನೆ ಪರಿಚಯದವರೊಬ್ಬರು, ಬಯಲಿನಲ್ಲಿ ಬಿಡಾರ ಹೂಡುವವರಿಗೆ ಸುತ್ತ ಪರದೆ ಕಟ್ಟಿದ ಕೋಣೆಯೊಂದು ಇದ್ದರೆ ಅನುಕೂಲವೋ, ಬರೀ ತಾಪತ್ರಯವೋ ಎಂದು ಕಾಗದ ಬರೆದು ಕೇಳಿದರು. ಬೇರೆ ಯಾವ ವಿಷಯ ಕೇಳಿದ್ದರೂ ತಲೆ ಕೆರೆದುಕೊಳ್ಳುತ್ತಿದ್ದೆ. ಇದರಲ್ಲಿ ಮಾತ್ರ ನಾನು ಪಂಡಿತ. ಅಂಥದೊಂದು ಕೋಣೆಯಲ್ಲಿ ಒಂದು ವರ್ಷ ಕೂತು ರೊಟ್ಟಿ ತಿಂದವನು.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋದ ಹೊಸತು. ಮಾಡಗ್ಯಾಳದ ಕಡೆಗೆ ಜಲ್ಲಿ ಹಾಸಿದ ಖಡಿ ರಸ್ತೆ ಬೀಳುತ್ತಿತ್ತು. ನಾನು ಅಥಣಿಯ ಕಡೆಯಿಂದ ಬಂದು ಅಲ್ಲಿ ಕೂಲಿಗಳ ಹಾಜರಿ ಬರೆಯುವ ಕಾರಕೂನನಾದೆ. ರೋಡ್ ರೋಲರಿನ ಹಿಂದೆ ಕಟ್ಟಿ ಎಳೆಯುವ, ನಾಲ್ಕು ಗಾಲಿಯ ತಗಡಿನ ಮನೆಯೊಂದಿತ್ತು. ಜನ ಅದಕ್ಕೆ ಡಬ್ಬಿ ಎನ್ನುತ್ತಿದ್ದರು. ಒಳಗೆ ಒಂದು ಮಂಚ, ಒಂದು ಸ್ಟೋವು, ಅಂಗೈಯಗಲದ ಕಿಟಕಿ. ನಿಜವಾಗಿ ಅದು ರೋಲರ್ ಡ್ರೈವರ್ ದಸ್ತಗೀರಸಾಬರಿಗೆ ಸೇರಬೇಕಾದದ್ದು. ಅವರಿಗೆ ಆಗತಾನೇ ಮದುವೆಯಾಗಿತ್ತು. ಐದು ಹೊಡೆದರೆ ಸೈಕಲ್ ಹತ್ತಿ ಜತ್ತಕ್ಕೆ ಹೊರಟುಬಿಡುತ್ತಿದ್ದರು. ಕೂಲಿಯವರೂ ತಂತಮ್ಮ ಊರಿಗೆ ಹೋಗುತ್ತಿದ್ದರು. ಆಮೇಲೆ ಆ ಬಯಲಿನಲ್ಲಿ ರೋಲರು, ಡಬ್ಬಿ ಮತ್ತು ನಾನು. ತಿಂಗಳಿಗೊಂದು ಮೈಲಿಯಂತೆ ಮೂವರೂ ಮುಂದೆ ಹೋಗುತ್ತಿದ್ದೆವು.

ಡಬ್ಬಿಯ ಬಾಗಿಲಿಗೆ ಹೊಂದಿಕೊಂಡಂತೆ ಪರದೆ ಕೋಣೆ. ಹಿಂದೆ ಯಾವನೋ ಶೋಕಿಯ ಅಧಿಕಾರಿ ಹೊಲಿಸಿದ್ದು. ನಾಲ್ಕು ಕಬ್ಬಿಣದ ಸಲಾಕೆ, ಮೇಲೆ ಖಾಕಿ ಬಟ್ಟೆ, ಸುತ್ತಲೂ ಸೊಳ್ಳೆ ಪರದೆಯಂಥ ಜಾಳು ಅರಿವೆ, ಬಾಗಿಲಿಗೆ ಒಳಗಿನಿಂದ ಗಂಟು ಹಾಕುವ ಕಸಿಗಳು. ಕಟ್ಟಲು ಇಬ್ಬರು ಬೇಕು. ಗಾಳಿ ಬಂದರೆ ನಾಲ್ವರು ಬೇಕು. ಆ ಸೀಮೆಯಲ್ಲಿ ಗಾಳಿ ಬಾರದ ದಿನವನ್ನು ನಾನು ಕಂಡಿಲ್ಲ. ಜಾಲಿಯ ಮುಳ್ಳಿಗೆ ಹರಿಯುತ್ತಿತ್ತು. ನಾನು ಹೊಲಿಯುತ್ತಿದ್ದೆ, ಮತ್ತೆ ಹರಿಯುತ್ತಿತ್ತು. ಹಳೆಯ ಕಥೆಗಳಲ್ಲಿ ಅರಸುಮಕ್ಕಳು ಅಡವಿಗೆ ಹೋಗಿ ಎಲೆಮನೆ ಕಟ್ಟಿ ಹಾಯಾಗಿ ಇರುತ್ತಾರೆ. ಅವರ ಊಟಕ್ಕೆ ಒಂದಾದರೂ ನೊಣ ಬಂತೆಂದು ಯಾರೂ ಬರೆದಿಲ್ಲ. ಬರೆದವರು ಕುರಿಯ ಸೀಮೆಯಲ್ಲಿ ಬಿಡಾರ ಮಾಡಿರಲಿಲ್ಲ ಎಂದೇ ನನ್ನ ತೀರ್ಮಾನ.

ಪರದೆಯಿಂದ ಲಾಭವಿಲ್ಲವೆಂದು ಹೇಳಲಾರೆ. ಹೊರಗೆ ನೊಣಗಳ ಸಂತೆ, ಒಳಗೆ ನಾನು ಒಬ್ಬನೇ ರಾಜ. ಕಷ್ಟವೆಂದರೆ ಮನುಷ್ಯರೂ ಹೊರಗೇ ಉಳಿಯುತ್ತಿದ್ದರು. ಏನಾದರೂ ಕೇಳಲು ಬಂದ ಕೂಲಿಯವರು ಚಪ್ಪಲಿ ಬಿಟ್ಟು, ಪರದೆಯಿಂದ ಎರಡು ಮಾರು ದೂರ ನಿಂತು, ಗರ್ಭಗುಡಿಗೆ ಹೇಳಿಕೊಂಡಂತೆ ಹೇಳಿಕೊಂಡು ಹೋಗುತ್ತಿದ್ದರು. ದಾರಿಬದಿಯ ಯಾವುದಾದರೂ ಬೇವಿನ ಮರದ ಕೆಳಗೆ ಅವರು ಬುತ್ತಿ ಬಿಚ್ಚಿ ನಗುವುದು ನನಗೆ ಕೇಳುತ್ತಿತ್ತು. ನನ್ನ ರೊಟ್ಟಿ ನಾನು ಅಗಿಯುವ ಸದ್ದೂ ಕೇಳುತ್ತಿತ್ತು. ಒಮ್ಮೆ ಒಂದು ನೊಣ ಹೇಗೋ ಒಳಗೆ ಬಂದು ಹೊರಗೆ ಹೋಗಲಾರದೆ ಉಳಿಯಿತು. ಎರಡು ದಿನ ಅದನ್ನು ಹೊಡೆಯಲಿಲ್ಲ. ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ನಾಲ್ಕು ತಿಂಗಳಿಂದ ನನ್ನ ಜೊತೆ ಯಾರೂ ಕೂತು ಉಂಡಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಮಾಡಗ್ಯಾಳದ ಕುರುಬರ ಒಂದು ಕುಟುಂಬ ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ಬಿಡಾರ ಹೂಡಿತು. ಭೀಮವ್ವನೆಂಬ ಮುದುಕಿ, ಅವಳ ಗಂಡ, ಕುರಿ ಮೇಯಿಸುವ ಮಗ, ಕೆಂಪು ಕುತ್ತಿಗೆಯ ನೂರಾರು ಕುರಿ. ಮೊದಲ ದಿನವೇ ಭೀಮವ್ವ ಬಂದು ಪರದೆಗೆ ಮೂಗು ಹಚ್ಚಿ ಇಣುಕಿದಳು.

“ಸಾಹೇಬ್ರ, ಒಳಗ ಎಷ್ಟ ಮರಿ ಅದಾವ್ರಿ?”

“ಮರಿ ಇಲ್ಲವ್ವ. ನಾನೊಬ್ಬನ ಅದೀನಿ.”

“ನಿಮ್ಮನ್ಯಾಕ ಕೂಡ್ಯಾರಿ?”

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ಕುರುಬರ ಬಿಡಾರದಲ್ಲಿ ಬಲೆ ಇರುವುದು ಎಳೆಯ ಮರಿಗಳಿಗಾಗಿ. ತಾಯಿ ಕುರಿಗಳು ಮೇಯಲು ಹೋದಾಗ ಮರಿಗಳನ್ನು ಬಲೆಯೊಳಗೆ ಕೂಡಿಹಾಕುತ್ತಾರೆ. ಮೀಸೆ ಬಂದವನನ್ನು ಹಾಗೆ ಕೂಡಿದ್ದನ್ನು ಅವಳು ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸದಿಂದ ಬಂದು ನೋಡುತ್ತೇನೆ, ನನ್ನ ಕೋಣೆಯಲ್ಲಿ ಏಳು ಮರಿಗಳು! ಒಂದು ನನ್ನ ಚಾಪೆಯ ಮೇಲೆ ಮಲಗಿದೆ, ಇನ್ನೊಂದು ನನ್ನ ಧೋತರದ ಅಂಚು ನೆಕ್ಕುತ್ತಿದೆ. ತಮ್ಮ ಬಲೆ ಹರಿದಿದೆ, ಗಂಡ ಹೆಣೆಯುತ್ತಿದ್ದಾನೆ, ಇಲ್ಲಿ ಜಾಗ ಖಾಲಿ ಇತ್ತಲ್ಲ ಎಂದಳು ಭೀಮವ್ವ. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವಳು ಪರದೆಯ ಹೊರಗೆ ಕುಕ್ಕರಗಾಲಲ್ಲಿ ಕೂತು ಸಜ್ಜೆ ರೊಟ್ಟಿ ಬಿಚ್ಚಿದಳು, ನಾನು ಒಳಗೆ ಬಿಚ್ಚಿದೆ. ನನ್ನ ಊರು, ನನ್ನ ಅವ್ವ ತೀರಿದ ವರ್ಷ, ಮದುವೆ ಯಾಕೆ ಆಗಿಲ್ಲ, ಎಲ್ಲ ಕೇಳಿದಳು. ಮೂರನೆಯ ದಿನಕ್ಕೆ ‘ಸಾಹೇಬ್ರ’ ಹೋಗಿ ‘ಯಪ್ಪಾ’ ಬಂತು. ಮಧ್ಯಾಹ್ನ ಯಾವಾಗ ಆದೀತೆಂದು ಹಾಜರಿ ಪುಸ್ತಕದಿಂದ ತಲೆಯೆತ್ತಿ ಸೂರ್ಯನನ್ನು ನೋಡುವ ಚಟ ನನಗೆ ಹತ್ತಿತು.

ಐದನೆಯ ದಿನ ಓವರಸಿಯರ್ ಸಾಹೇಬರು ಹೇಳದೆ ಕೇಳದೆ ಬಂದರು. ನಾವು ಉಣ್ಣುತ್ತ ಕೂತಿದ್ದೆವು.

“ಇದೇನ ಸರಕಾರಿ ಡಬ್ಬಿನೋ, ಕುರಿ ಹಟ್ಟಿನೋ? ಯಾರ ಮರಿ ಇವು?”

ನನ್ನ ನೌಕರಿ ಆಗ ಹಂಗಾಮಿ. ಎದ್ದು ನಿಂತೆ. “ಗೊತ್ತಿಲ್ರಿ ಸಾಹೇಬ್ರ. ಈ ಮುದುಕಿ ನನ್ನ ಕೇಳಲಾರದ ತಂದ ಬಿಟ್ಟಾಳ್ರಿ” ಎಂದೆ.

ಭೀಮವ್ವ ನನ್ನನ್ನು ಒಮ್ಮೆ ನೋಡಿದಳು. ಅರ್ಧ ತಿಂದ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಎರಡೆರಡು ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ನಾಲ್ಕು ಸಲ ಓಡಾಡಿದಳು. ಸಾಹೇಬರು ನನ್ನ ಶಿಸ್ತನ್ನು ಮೆಚ್ಚಿ ಹೋದರು. ನನ್ನ ಉಳಿದ ರೊಟ್ಟಿಯನ್ನು ನಾನು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟೆ.

ಹೊತ್ತು ಇಳಿಯುವ ಮೊದಲು ಅವರ ಬಿಡಾರಕ್ಕೆ ಹೋದೆ. ಪರದೆ ದಾಟಿ ಇನ್ನೊಬ್ಬರ ಹತ್ತಿರ ನಾನಾಗಿ ಹೋದದ್ದು ಅದೇ ಮೊದಲು.

“ಯವ್ವಾ, ಮಧ್ಯಾಹ್ನ ನಾ ಸುಳ್ಳ ಹೇಳಿದೆ. ತಪ್ಪಾತು.”

“ಹ್ಞೂಂ, ಹೇಳಿದಿ. ಕುಂದರ” ಎಂದಳು.

“ನಾಳಿಗೆ ಮತ್ತ ಮರಿ ತಂದ ಬಿಡು. ಯಾರ ಬಂದರೂ ನನ್ನವು ಅಂತೀನಿ.”

“ನಾಳಿಗೆ ನಾವ ಎಲ್ಲಿರತೀವೋ ಯಪ್ಪಾ? ಮೇವ ತೀರೇತಿ. ನಸಿಕಿಗೆ ಅಸಂಗಿ ಕಡಿ ಹೊಂಟೀವಿ.”

ಸಿಟ್ಟು ಮಾಡಿದ್ದರೆ ಸಮಾಧಾನ ಹೇಳಬಹುದಿತ್ತು. ಮೇವಿಗೆ ಏನು ಹೇಳಲಿ? ಅಷ್ಟರಲ್ಲಿ ಮೇಯಲು ಹೋದ ಹಿಂಡು ಒದರುತ್ತ ಬಂತು. ಅವಳ ಗಂಡ ಹೆಣೆದು ಮುಗಿಸಿದ ಬಲೆಯನ್ನು ಬಿಚ್ಚಿದ. ಆ ಗದ್ದಲದಲ್ಲಿ ಮರಿಗಳೆಲ್ಲ ಓಡಿ, ಒಂದೂ ತಪ್ಪದೆ ತಂತಮ್ಮ ತಾಯಿಯ ಹೊಟ್ಟೆಯ ಕೆಳಗೆ ಸೇರಿದವು. ನಾನು ನೋಡುತ್ತ ನಿಂತದ್ದನ್ನು ಭೀಮವ್ವ ನೋಡಿದಳು.

“ನಮ್ಮ ಬಲಿ ಸಂಜಿಗೆ ನಾವು ಬಿಚ್ಚತೀವಿ. ನಿಂದ ಯಾರ ಬಿಚ್ಚತಾರೋ?”

“ಅದರ ಕಸಿ ಒಳಗಿಂದ ಅದಾವ ಯವ್ವಾ. ನಾನ ಬಿಚ್ಚಬೇಕು.”

“ಮತ್ತ, ಕೈ ಇಲ್ಲೇನ ನಿನಗ?”

ಮರುದಿನ ಹೊಲ ಖಾಲಿ. ಮಧ್ಯಾಹ್ನ ಬುತ್ತಿ ಹಿಡಿದು ಬೇವಿನ ಮರದ ಕೆಳಗೆ ಹೋದೆ. ಉಣ್ಣುತ್ತಿದ್ದ ಕೂಲಿಯವರೆಲ್ಲ ಎದ್ದು ನಿಂತರು. “ಕುಂದ್ರಿ, ಕುಂದ್ರಿ” ಎಂದು ನಾನೇ ಮೊದಲು ಕೂತೆ. ಆ ದಿನ ಯಾರೂ ಮಾತಾಡಲಿಲ್ಲ. ಎರಡನೆಯ ದಿನವೂ ಇಲ್ಲ. ಅಲ್ಲಿ ಕೂತಾಗಿನ ಒಂಟಿತನ ಪರದೆಯೊಳಗಿನದಕ್ಕಿಂತ ಕಷ್ಟದ್ದು, ಎದ್ದು ಹೋಗೋಣ ಎನ್ನಿಸುತ್ತಿತ್ತು. ಒಂದು ವಾರವಾದ ಮೇಲೆ ದಸ್ತಗೀರಸಾಬರು, “ಕಾರಕೂನ್ರ, ಬರೇ ರೊಟ್ಟಿ ಏನ ತಿಂತೀರಿ?” ಎನ್ನುತ್ತ, ನನ್ನ ಒಪ್ಪಿಗೆ ಕೇಳದೆ, ಮನೆಯಿಂದ ತಂದ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ನನ್ನ ರೊಟ್ಟಿಯ ಮೇಲೆ ಸುರಿದರು.

ಹಾಗಾಗಿ ಪರಿಚಯದವರಿಗೆ ಹೀಗೆ ಬರೆದಿದ್ದೇನೆ: ಪರದೆ ಕೋಣೆ ಒಳ್ಳೆಯ ವಸ್ತು. ಕುರಿಮರಿ ಇದ್ದವರು ಅವಶ್ಯ ಕಟ್ಟಿಕೊಳ್ಳಬೇಕು.