ಬಸ್ಸು ಹತ್ತದ ದೊಡ್ಡವ್ವ

ಊರಲ್ಲಿ ಬಸ್ಸು ನಿಲ್ಲದ ಕಾರಣ ಮಗಳಿಗೆ ಸೈಕಲ್ಲಾದರೂ ರೆಡಿ ಮಾಡೋಣವೆಂದು ಪಂಪು ಹುಡುಕಲು ಅಟ್ಟಕ್ಕೆ ಕೈ ಹಾಕಿದರೆ, ಬಿದಿರಿನ ಬುಟ್ಟಿಯೊಂದು ನೇರ ನನ್ನ ತಲೆಯ ಮೇಲೆ ಬಿತ್ತು. ಇನ್ನೂ ಹೊಗೆಸೊಪ್ಪಿನ ವಾಸನೆ... ಪಕ್ಕದ ಮನೆಯ ದೊಡ್ಡವ್ವನದು, ಅವಳು ಹೋದ ಮೇಲೆ ನಮ್ಮ ಅಟ್ಟ ಸೇರಿದ್ದು. ಸತ್ತ ಮೇಲೂ ನನ್ನ ಬೆನ್ನು ಬಿಡಲೊಲ್ಲಳಲ್ಲ ಈ ಮುದುಕಿ ಎಂದು ಬೈದುಕೊಂಡೆ.

ನಾನು ಓದುವಾಗ ನಮ್ಮೂರು ಬಂಡ್ರಿಯಿಂದ ಸಂಡೂರಿನ ಹೈಸ್ಕೂಲಿಗೆ ಹೋಗುತ್ತಿದ್ದವರು ನಾವು ನಾಲ್ಕೇ ಹುಡುಗಿಯರು. ಪಾಸಿನವರೆಂದು ನಮ್ಮನ್ನು ಕಂಡರೆ ಡ್ರೈವರ್ ನಿಲ್ಲಿಸುತ್ತಿರಲಿಲ್ಲ. ಬಿಳಿ ಅಂಗಿಗೆ ಅದಿರಿನ ಕೆಂಪು ಧೂಳು ಬಳಿದು ಹೋಗಿಬಿಡುತ್ತಿದ್ದ. ಅಪ್ಪನದು ಒಂದೇ ಮಾತು: "ಬಸ್ ಸಿಗವಲ್ದಂದ್ರ ಸಾಲಿ ಬಿಡು. ಮನ್ಯಾಗ ಕೆಲ್ಸ ಭಾಳ ಐತಿ." ಇನ್ನೆರಡು ದಿನ ಹೋಗಿದ್ದರೆ ಬಿಡಿಸಿಯೇ ಬಿಡುತ್ತಿದ್ದ.

ಅಷ್ಟರಲ್ಲಿ ಯಾರೂ ಕರೆಯದೆ ಬಂದಳು ದೊಡ್ಡವ್ವ. ನಮ್ಮನ್ನು ಬೇವಿನ ಮರದ ಹಿಂದೆ ಅಡಗಿಸಿ, ತಾನೊಬ್ಬಳೇ ಬುಟ್ಟಿ ಹೊತ್ತು ರಸ್ತೆಗೆ ನಿಂತಳು. ಸಂತೆಗೆ ಹೊರಟ, ಟಿಕೆಟ್ಟಿನ ಗಿರಾಕಿಯೆಂದು ಬಸ್ಸು ನಿಂತಿತು. ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, "ತಡೀಪ, ಮೊಣಕಾಲು ನೋವು" ಎಂದು ನರಳುತ್ತ ನಿಂತಳು. ನಾವು ಅವಳ ಕಂಕುಳ ಕೆಳಗೆ ನುಸುಳಿ ಹತ್ತಿದೆವು. ಕೂಡಲೇ ಖಾಲಿ ಬುಟ್ಟಿ ಕೆಳಗಿಳಿಯಿತು. "ಅಯ್ಯ, ಇವತ್ತು ಸಂತಿ ಇಲ್ಲಲ್ಲ! ನೀ ಹೋಗಪ."

"ಏನ್ ಯಮ್ಮಾ, ದಿನಾ ಇದಾ ಆಟ ಏನು?" ಎಂದು ಕಂಡಕ್ಟರ್ ಹಲ್ಲು ಕಡಿಯುತ್ತಿದ್ದ. ಆದರೆ ವಾರದಲ್ಲಿ ಯಾವುದೋ ಒಂದು ದಿನ ಅವಳು ನಿಜಕ್ಕೂ ಟಿಕೆಟ್ ತೆಗೆದುಕೊಂಡು ಸಂಡೂರಿಗೆ ಹೋಗಿಬಿಡುತ್ತಿದ್ದಳು. ಯಾವತ್ತು ಸುಳ್ಳು, ಯಾವತ್ತು ನಿಜ ಎಂದು ತಿಳಿಯದೆ ಪಾಪ, ನಿಲ್ಲಿಸುತ್ತಲೇ ಇದ್ದರು.

ಅಷ್ಟಕ್ಕೇ ಸುಮ್ಮನಿದ್ದಳೇ? ಬಸ್ಸಿನ ಗಂಡುಹುಡುಗರೆಲ್ಲ ಕೇಳುವಂತೆ ಹೊರಗಿನಿಂದ ನನ್ನತ್ತ ಕೈ ತೋರಿಸಿ ಕೂಗುತ್ತಿದ್ದಳು: "ಇಕಿಗೆ ವಾಂತಿ ಆಕ್ಕತಿ, ಕಿಟಕಿ ಕಡಿ ಕುಂದ್ರಸ್ರಿ!" ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಬೇಡವೆಂದರೆ ಕೇಳುವ ಜಾತಿಯೇ ಅಲ್ಲ ಅದು... ಅಂತೂ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ.

ಈಗ ಅದೇ ಊರು, ಅದೇ ಬಸ್ಸು, ಮಗಳ ಪಾಳಿ. ಶಾಲೆಯೂ ತಪ್ಪುತ್ತಿದೆ, ಖೋಖೋ ಅಭ್ಯಾಸವೂ ತಪ್ಪುತ್ತಿದೆ. "ಆಟ ಬಿಡ್ತೀನಮ್ಮ" ಎಂದಳು. ಮೈ ಉರಿದುಹೋಯಿತು. ಅದೇ ಬುಟ್ಟಿ ಹೊತ್ತು ರಸ್ತೆಗೆ ನಿಂತೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲವಿದು, ಡ್ರೈವರ್ ನನ್ನತ್ತ ತಿರುಗಿಯೂ ನೋಡಲಿಲ್ಲ.

ಮರುದಿನ ಬುಟ್ಟಿಯನ್ನು ಗಂಡನ ತಲೆಗೇರಿಸಿದೆ. ಬಸ್ಸು ನಿಂತಿತು! ಮಗಳು ಹತ್ತಿದಳು. ಆದರೆ ನಮ್ಮ ಪುಣ್ಯಾತ್ಮನಿಗೆ ಸಂತೆ ಇಲ್ಲವೆನ್ನಲು ಬಾಯಿ ಬರದೆ, ಲುಂಗಿಯಲ್ಲೇ ಟಿಕೆಟ್ ತೆಗೆದುಕೊಂಡು, ಖಾಲಿ ಬುಟ್ಟಿಯೊಂದಿಗೆ ಸಂಡೂರಿಗೇ ಹೊರಟುಹೋದ.

ನಿಂತಲ್ಲೇ ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ಅಳು ಬಂತು. ನಾಳೆಯೂ ಬಸ್ಸು ಬರುತ್ತದೆ... ದೊಡ್ಡವ್ವನ ಹಾಗೆ ಸುಳ್ಳು ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.